ಬನ್ನಿ ಗಿಡದ ದಾರಿ

ಸಿಂದಗಿ ಕೋರ್ಟಿಗೆ ಕಾನೂನು ನೆರವಿನ ಸ್ವಯಂಸೇವಕನಾಗಿ ಓಡಾಡತೊಡಗಿದ ಮೇಲೆ ಒಂದು ಮಾತು ತಿಳಿಯಿತು: ನ್ಯಾಯ ಬೇಡುವವರ ಸಂಕಟದ ಪಕ್ಕದಲ್ಲೇ ನಗುವೂ ಬಂದು ಕುಳಿತಿರುತ್ತದೆ. ಬೆಳಿಗ್ಗೆ ಪೂಜೆ ಮುಗಿಸಿ, ಇವತ್ತು ಯಾರನ್ನೂ ನೋಡಿ ನಗಬಾರದು ಎಂದುಕೊಂಡೇ ಹೊರಡುತ್ತೇನೆ. ಆಗುವುದಿಲ್ಲ. ನಮ್ಮ ಓಣಿಯ ವಿಧವೆಯೊಬ್ಬಳ ಸಂಗತಿಯನ್ನೇ ಕೇಳಿ.

೧. ಗುಡಿಯ ಕಟ್ಟೆ

ಊರ ಗುಡಿಯಲ್ಲಿ ಕಾನೂನು ಶಿಬಿರ. ಬಂದಿದ್ದ ವಕೀಲಮ್ಮ, ಕಾನೂನಿನ ಮುಂದೆ ಎಲ್ಲರೂ ಒಂದೇ ಎಂದರು. ಕಟ್ಟೆಯ ಮೇಲಿನ ಹಿರಿಯರು ಚಪ್ಪಾಳೆ ತಟ್ಟಿದರು. "ಯಾರಿಗಾದರೂ ತೊಂದರೆ ಇದೆಯೇ?" ಎಂದಾಗ ಗೌಡರು ಎದ್ದು, "ನಮ್ಮೂರಾಗ ಯಾರಿಗೂ ತ್ರಾಸಿಲ್ರಿ, ಚಾ ಕುಡೀರಿ" ಎಂದರು.

ಕಂಬದ ಹಿಂದೆ ಕೂತಿದ್ದ ವಿಧವೆ ಎದ್ದಳು: "ನನಗೈತ್ರಿ. ನಮ್ಮ ಭಾವ ನನ್ನ ಹೊಲದ ದಾರಿಗೆ ಮುಳ್ಳು ಬಡದಾರ. ಬಂಡಿ ಹೋಗವಲ್ದು. ಬಿತ್ತಲಿಲ್ಲಂದ್ರ ವರ್ಷಾ ಏನ ತಿನ್ಲಿ?"

ಗೌಡರು ಕುಳಿತುಕೊಳ್ಳುತ್ತ, "ಇದೊಂದು ಬಿಟ್ಟು ಏನೂ ಇಲ್ರಿ" ಎಂದರು.

೨. ಗೋಡೆಯ ಜೊತೆ ಮಾತು

ಆ ವಕೀಲಮ್ಮನೇ ಅವಳ ಪರ ನಿಂತರು. ಲೋಕ ಅದಾಲತ್ತಿನಲ್ಲಿ ರಾಜಿಗೆ ಕರೆದರು. ನಮ್ಮ ಕಡೆ ಗಂಡನ ಅಣ್ಣನಿಗೆ ಮುಖ ಕೊಟ್ಟು ಮಾತಾಡುವ ರೂಢಿಯಿಲ್ಲ. ಅವಳು ಸೆರಗೆಳೆದು ಗೋಡೆಗೆ ತಿರುಗಿ, ನಡುವೆ ಕೂತಿದ್ದ ನನಗೆ, "ಕಾಕಾ, ಅವರಿಗೆ ಹೇಳ್ರಿ, ಬಿತ್ತಿಗಿ ಹೊತ್ತಾತು" ಎಂದಳು. ಭಾವನೂ ಎದುರಿನ ಗೋಡೆ ನೋಡುತ್ತ, "ಆಕೀಗಿ ಹೇಳ್ರಿ, ಅಲ್ಲಿ ದಾರಿ ಎಂದೂ ಇದ್ದಿದ್ದಿಲ್ಲ" ಎಂದ. ಅತ್ತಿಂದಿತ್ತ ಮಾತು ದಾಟಿಸುವುದೇ ನನ್ನ ಕೆಲಸವಾಯಿತು.

ನ್ಯಾಯಾಧೀಶರು ಹೇಳಿದರು: "ಗೋಡೆಗೆ ನಾವು ನೋಟಿಸ್ ಕೊಟ್ಟಿಲ್ಲ. ಇತ್ತ ತಿರುಗಿ."

೩. ಎಳ್ಳ ಅಮಾಸಿ

ವಕೀಲಮ್ಮ ಇಂಡಿ ಕಡೆಯ ಒಕ್ಕಲು ಮನೆಯವರು; ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಹೊಲಕ್ಕೆ ಹೋಗಿ ಪೂಜೆ ಮಾಡಿ ಉಣ್ಣುವುದನ್ನು ಬಲ್ಲವರು. ಮೆಲ್ಲಗೆ ಭಾವನನ್ನು ಕೇಳಿದರು: "ಎಳ್ಳ ಅಮಾಸಿ ಪೂಜಿ ಎಲ್ಲಿ ಮಾಡ್ತೀರಿ, ಯಜಮಾನ್ರ?"

"ಆಕಿ ಹೊಲದಾಗ ಬನ್ನಿ ಗಿಡ ಐತಲ್ರಿ, ಅದರ ಬುಡಕ. ಹಿರ್ಯಾರ ಕಾಲದಿಂದ."

"ಹೆಂಗ ಹೋಗ್ತೀರಿ?"

"ಬಂಡಿ ಕಟ್ಟಿಕೊಂಡ್ರಿ."

"ಯಾವ ದಾರೀಲೆ?"

ಭಾವ ಹಣೆಯ ವಿಭೂತಿ ಮುಟ್ಟಿಕೊಂಡ. ದೇವರ ವಿಷಯದಲ್ಲಿ ಸುಳ್ಳು ಹೇಳುವ ಮನುಷ್ಯನಲ್ಲ. ಕೊನೆಗೆ, "ಅದು ದೇವರ ದಾರಿರಿ. ಆಕೀದಲ್ಲ" ಎಂದ.

ಆಗ ಅವಳು ಮೊದಲ ಸಲ ಅವನಿಗೆ ಮುಖ ಕೊಟ್ಟು ನಿಂತಳು. "ಹಂಗಾರ ಭಾವಾ, ಈ ಸಲ ದೇವರೊಬ್ಬನ ಬರ್ಲಿ. ನೀವು ಬರಬ್ಯಾಡ್ರಿ. ಅವತ್ತ ಎಲ್ಲಾರಿಗೂ ಶೇಂಗಾ ಹೋಳಿಗಿ ಮಾಡಾಕಿ ನಾನು."

ಕೋರ್ಟಿಗೆ ಕೋರ್ಟೇ ನಕ್ಕಿತು. ಭಾವ ನಗಲಿಲ್ಲ. ತಲೆ ತಗ್ಗಿಸಿ, "ಮುಳ್ಳು ನಾನ ತೆಗೀತೇನ್ರಿ, ಇವತ್ತ" ಎಂದ. ಕಾನೂನು ಬಡವರ ಹೊಲದ ತನಕ ನಡೆದು ಬಂದದ್ದನ್ನು ಕಂಡು ನಾನು ಮನಸ್ಸಿನಲ್ಲೇ ಕೈಮುಗಿದೆ.

ರಾಜಿ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದವನು ಹೋಗಲಿಲ್ಲ. ವಕೀಲಮ್ಮನ ಹತ್ತಿರ ಬಗ್ಗಿ ಕೇಳಿದ: "ಅವ್ವಾ, ಹೋಳಿಗಿ ಮಾತೂ ಇದರಾಗ ಬರದಬಿಡ್ರಿ. ನಾಳೆ ಆಕಿ ಹಾಕೂದಿಲ್ಲಂದ್ರ ನಾ ಯಾವ ಕೋರ್ಟಿಗಿ ಹೋಗ್ಲಿ?"