ಆ ಸದ್ದು ಇರಲಿ

ಮೈಕು, ಸ್ಪೀಕರು ಬಾಡಿಗೆಗೆ ಕೊಡುವವನ ಹತ್ತಿರ ಎಂತೆಂಥ ಗಿರಾಕಿಗಳು ಬರುತ್ತಾರೆ ಅಂತ ಯಾರೂ ಮೊದಲೇ ಹೇಳಿಕೊಡುವುದಿಲ್ಲ. ನಾನು ಈ ವ್ಯಾಪಾರ ಶುರು ಮಾಡಿದ್ದು ಉಡುಪಿಯಲ್ಲಿ, ಈಗ ಮಾಡುತ್ತಿರುವುದು ಮೆಲ್ಬರ್ನಿನ ಕ್ರೇಗಿಬರ್ನ್‌ನಲ್ಲಿ. ಮದುವೆಯಾಗಲಿ, ಗಣೇಶನ ಹಬ್ಬವಾಗಲಿ, ಎರಡೂ ಊರಿನ ಗಿರಾಕಿ ಹೇಳುವುದು ಒಂದೇ: ಸೌಂಡ್ ಕ್ಲೀನಾಗಿರಬೇಕು. ಗೊರಗೊರ ಅಂದರೆ ವೈರು ಬದಲಿಸು, ಕಿಣಿಕಿಣಿ ಅಂದರೆ ಸ್ಕ್ರೂ ಬಿಗಿ ಮಾಡು. ನನಗೆ ಗೊತ್ತಿದ್ದ ವಿದ್ಯೆ ಅಷ್ಟೇ. ಇಬ್ಬರು ಬಂದು ಅದನ್ನೂ ಗೊಂದಲ ಮಾಡಿಬಿಟ್ಟರು.

ಒಬ್ಬ ಮೊರೊಕ್ಕೊದವನು. ಅವನ ಊರಿನ ಮದುವೆಮನೆಗಳಲ್ಲಿ ಜನ ಕುಣಿಯುವ ಹಾಡುಗಳನ್ನು ಹಾಡುತ್ತಾನೆ, ಒಂಟೆ ಚರ್ಮ ಬಿಗಿದ ಮೂರು ತಂತಿಯ ವಾದ್ಯವೊಂದನ್ನು ನುಡಿಸುತ್ತಾನೆ. ಇನ್ನೊಬ್ಬ ಬಾಕ್ಸ್ ಹಿಲ್‌ನವನು, ಇಲ್ಲೇ ಹುಟ್ಟಿದ ಬಿಳಿಯ. ಅವನ ವಾದ್ಯ ಲ್ಯಾಪ್‌ಟಾಪ್. ಇಬ್ಬರಿಗೂ ನಲವತ್ತು ದಾಟಿದೆ. ಎರಡನ್ನೂ ಬೆರೆಸಿ ಹೊಸ ಸಂಗೀತ ಮಾಡುತ್ತೇವೆ ಅಂದರು. ಸಿಡ್ನಿಯ ಒಂದು ದೊಡ್ಡ ಫೆಸ್ಟಿವಲ್‌ನಲ್ಲಿ ಅವಕಾಶ ಸಿಕ್ಕಿತ್ತು. ಸಾಮಾನು ನನ್ನದು. ಅಲ್ಲಿನ ಮ್ಯಾನೇಜರಮ್ಮ ಫೋನಿನಲ್ಲೇ ನನಗೆ ಖಡಕ್ಕಾಗಿ ಹೇಳಿದ್ದರು: ಸೌಂಡ್ ಚೆನ್ನಾಗಿ ಬಂದರೆ ಮುಂದಿನ ವರ್ಷ ಇಡೀ ಸ್ಟೇಜು ನಿಮಗೇ, ಏನಾದರೂ ಎಡವಟ್ಟಾದರೆ ಇದೇ ಕೊನೆ. ಅಂಥ ಗಿರಾಕಿಗೋಸ್ಕರ ನಾನು ಎಷ್ಟೋ ವರ್ಷದಿಂದ ಕಾಯುತ್ತಿದ್ದೆ.

೧. ಟೇಪು

ಮೊದಲ ರಿಹರ್ಸಲ್ ನಮ್ಮ ಗೋಡೌನಿನಲ್ಲಿ. ಮೊರೊಕ್ಕೊದವನ ವಾದ್ಯದ ತುದಿಗೆ ಒಂದು ತಗಡು, ಅದರ ಸುತ್ತ ಸಣ್ಣ ಸಣ್ಣ ಬಳೆಗಳು. ತಂತಿ ಮೀಟಿದಾಗಲೆಲ್ಲ ಜಿರ್ ಅನ್ನುತ್ತಿತ್ತು. ಪಾಪ, ಹಳೇ ವಾದ್ಯ, ಸಡಿಲವಾಗಿದೆ ಅಂದುಕೊಂಡೆ. ಅವನು ಕಾಫಿ ಕುಡಿಯಲು ಹೋದಾಗ ಬಳೆಗಳಿಗೆಲ್ಲ ನೀಟಾಗಿ ಟೇಪು ಸುತ್ತಿದೆ. ಗಿರಾಕಿಗೆ ಅಷ್ಟು ಸೇವೆ ನಮ್ಮ ಕಡೆಯಿಂದ ಫ್ರೀ.

ಅವನು ಬಂದು ಮೀಟಿದ. ಮತ್ತೆ ಮೀಟಿದ. ಕಿವಿಗೆ ಹಿಡಿದು ನೋಡಿದ. ಆಮೇಲೆ ತೀರಾ ಮೆಲ್ಲಗೆ ಕೇಳಿದ, "ಬ್ರದರ್, ಇದರ ನಾಲಿಗೆ ಯಾರು ಕಟ್ಟಿದ್ದು?"

ಆ ತಗಡನ್ನು ಅವನ ಗುರು ಬೇಕೆಂದೇ ಮಾಡಿಸಿ ಕೊಟ್ಟಿದ್ದಂತೆ. ಜಿರ್ ಅನ್ನದ ವಾದ್ಯವನ್ನು ಅವರ ಊರಿನಲ್ಲಿ ಯಾರೂ ಕೇಳುವುದಿಲ್ಲವಂತೆ. ಟೇಪು ಬಿಚ್ಚುತ್ತಾ ಕೂತೆ. ಸುತ್ತಲು ಹಿಡಿದದ್ದು ಐದು ನಿಮಿಷ, ಅಂಟು ಬಿಡಿಸಲು ಇಡೀ ಮಧ್ಯಾಹ್ನ.

೨. ವೈರು

ಪಾಠ ಕಲಿತೆ. ಮೊರೊಕ್ಕೊದವನ ಸದ್ದಿಗೆ ಕೈಹಾಕಬಾರದು. ಆದರೆ ಲ್ಯಾಪ್‌ಟಾಪ್‌ನವನ ಕಡೆಯಿಂದ ಚಟಪಟ ಬರುತ್ತಿತ್ತು, ಎಣ್ಣೆಗೆ ಸಾಸಿವೆ ಹಾಕಿದ ಹಾಗೆ. ಇದು ನನ್ನ ವೈರಿನದ್ದೇ ತಪ್ಪು ಅಂತ ಮೂರು ವೈರು ಬದಲಿಸಿದೆ, ಸ್ಪೀಕರು ಬದಲಿಸಿದೆ. ಚಟಪಟ ಹೋಗಲಿಲ್ಲ.

ಅವನು ಹೆಡ್‌ಫೋನ್ ತೆಗೆದು ಸಮಾಧಾನವಾಗಿ ಹೇಳಿದ, "ಬಿಡು ಮೇಟ್, ಆ ಚಟಪಟ ಮಾಡಲು ನನಗೆ ಎರಡು ವಾರ ಹಿಡಿಯಿತು."

ಅವತ್ತು ನಿರ್ಧಾರ ಮಾಡಿದೆ. ಇವರಿಬ್ಬರ ಮಧ್ಯೆ ಯಾವ ಸದ್ದು ಬಂದರೂ ಅದು ಬೇಕಾಗಿಯೇ ಬಂದದ್ದು. ಒಂದು ದಿನ ಇಬ್ಬರೂ ನುಡಿಸುವಾಗ ಹಿಂದಿನಿಂದ ಕುಂಯ್ಯೋ ಅಂತ ಕೇಳಿತು. ಪರವಾಗಿಲ್ಲ, ಸುಧಾರಿಸಿದ್ದಾರೆ ಅಂದುಕೊಂಡು ತಲೆ ಆಡಿಸುತ್ತಾ ಕೂತೆ. ಅದು ಗೋಡೌನಿನ ಫೈರ್ ಅಲಾರ್ಮ್. ಅವರೂ ನಿಲ್ಲಿಸಿರಲಿಲ್ಲ.

೩. ತಾಳ

ನಿಜವಾದ ಜಗಳ ಶುರುವಾದದ್ದು ವೇಗದ ಮೇಲೆ. ಜನ ಬಿಸಿಯಾದ ಹಾಗೆ ಹಾಡು ಓಡಬೇಕು ಅಂತ ಮೊರೊಕ್ಕೊದವನು. ಹೊರಟ ವೇಗದಲ್ಲೇ ಕೊನೆ ಮುಟ್ಟಬೇಕು ಅಂತ ಲ್ಯಾಪ್‌ಟಾಪ್‌ನವನು. ಹಾಡು ಒಟ್ಟಿಗೆ ಶುರುವಾಗುತ್ತಿತ್ತು, ಆದರೆ ಒಬ್ಬ ಮುಗಿಸಿ ಬೆವರು ಒರೆಸಿಕೊಂಡರೂ ಇನ್ನೊಬ್ಬ ದಾರಿಯಲ್ಲೇ ಇರುತ್ತಿದ್ದ. ಕೊನೆಗೆ ಸಿಡ್ನಿಯೂ ಬೇಡ, ಇವನ ಸಹವಾಸವೂ ಬೇಡ ಅನ್ನುವವರೆಗೆ ಬಂತು. ನನ್ನ ಮುಂದಿನ ವರ್ಷದ ಸ್ಟೇಜು ಹೋಯಿತಲ್ಲ.

ನನ್ನ ಹೆಂಡತಿ ಇಲ್ಲಿನ ಭಜನಾ ಮಂಡಳಿಯಲ್ಲಿ ತಾಳ ಹಾಕುವವಳು. ಟೀ ತಂದವಳು ಇಬ್ಬರ ವಾದವನ್ನೂ ಕೇಳಿದಳು. "ರೀ, ಇದರಲ್ಲೇನಿದೆ? ನಮ್ಮ ಭಜನೆಯೂ ಕೊನೆಗೆ ಓಡುತ್ತಲ್ಲ. ಆ ಲ್ಯಾಪ್‌ಟಾಪ್ ಮುಚ್ಚಿಸಿ ಅವರ ಕೈಗೆ ತಾಳ ಕೊಡಿ."

ಕೊಟ್ಟಳು, ಕಲಿಸಿದಳು. ಅವನು ಖುಷಿಯಿಂದ ಮನೆಗೆ ಒಯ್ದ. ಮಾರನೇ ದಿನ ಬಂದು ಲ್ಯಾಪ್‌ಟಾಪ್ ತೆರೆದ. ಒಳಗಿನಿಂದ ಅದೇ ತಾಳ ಕೇಳಿತು, ಹಳೇ ವೇಗದಲ್ಲಿ, ಒಂದು ಕೂದಲೆಳೆಯಷ್ಟೂ ಹೆಚ್ಚಿಲ್ಲದೆ.

೪. ಬುತ್ತಿ

ಅಂತೂ ಇಬ್ಬರನ್ನೂ ವ್ಯಾನಿಗೆ ಹತ್ತಿಸಿ ಸಿಡ್ನಿಗೆ ಹೋದೆ. ಹೆಂಡತಿಯ ತಂಗಿ ಅಲ್ಲಿನ ದಿ ಪಾಂಡ್ಸ್ ಬಡಾವಣೆಯಲ್ಲಿದ್ದಾಳೆ. ನಾವು ಮನೆಯಿಂದ ಒಯ್ದಿದ್ದ ಮೂರು ಡಬ್ಬಿಯ ಸ್ಟೀಲ್ ಕ್ಯಾರಿಯರ್‌ಗೆ ಬೆಳಿಗ್ಗೆ ಮತ್ತೆ ತುಂಬಿಸಿ ಕೊಟ್ಟಳು. ಸ್ಟೇಜು ಜೋಡಿಸುವ ಗಡಿಬಿಡಿಯಲ್ಲಿ ಒಂದು ಡಬ್ಬಿ ಚಿತ್ರಾನ್ನ ತಿಂದು, ಕ್ಯಾರಿಯರ್ ಅನ್ನು ಕೈಗೆ ಸಿಕ್ಕಿದ ಕಡೆ ಇಟ್ಟೆ.

ಹಾಡು ಶುರುವಾಯಿತು. ಜೊತೆಗೆ ಒಂದು ಹೊಸ ಸದ್ದು. ಜಣ್ ಜಣ್ ಜಣ್. ಎಲ್ಲಿಂದ ಅಂತ ತಿಳಿಯಲಿಲ್ಲ. ಕೈ ತುರಿಸಿತು, ಆದರೆ ಪಾಠ ನೆನಪಾಯಿತು. ಸುಮ್ಮನೆ ನಿಂತೆ. ಮೊರೊಕ್ಕೊದವನು ತಿರುಗಿ ನೋಡಿದ. ಹೆಬ್ಬೆರಳು ಎತ್ತಿ ತೋರಿಸಿದೆ. ಲ್ಯಾಪ್‌ಟಾಪ್‌ನವನು ನೋಡಿದ. ಅವನಿಗೂ ತೋರಿಸಿದೆ.

ಮೊರೊಕ್ಕೊದವನು ತಂತಿ ಜೋರಾಗಿ ಮೀಟಿದರೆ ಜಣ್ ಜೋರು, ವೇಗ ಹೆಚ್ಚಿಸಿದರೆ ಅದೂ ವೇಗ. ಬಿಳಿಯನು ಕೊನೆಗೂ ಓಡಲು ಕಲಿತ ಅಂತ ಮೊರೊಕ್ಕೊದವನ ಮುಖ ಅರಳಿತು. ಇವನು ಯಾವುದೋ ಹೊಸ ವಾದ್ಯ ಮುಚ್ಚಿಟ್ಟು ತಂದಿದ್ದಾನೆ, ನಾನು ಹಿಂದೆ ಬೀಳಬಾರದು ಅಂತ ಲ್ಯಾಪ್‌ಟಾಪ್‌ನವನು ಕೈಯಲ್ಲೇ ವೇಗ ತಿರುಗಿಸತೊಡಗಿದ. ಜನ ಹುಚ್ಚೆದ್ದು ಕುಣಿದರು. ಇಬ್ಬರೂ ಮೊದಲ ಬಾರಿಗೆ ಒಂದೇ ಕ್ಷಣಕ್ಕೆ ನಿಲ್ಲಿಸಿದರು.

ಉಳಿದ ಊಟ ಮಾಡೋಣ ಅಂತ ಹೋದರೆ ಕ್ಯಾರಿಯರ್ ಕೂತಿದ್ದು ಗಡಗಡ ನಡುಗುವ ಬೇಸ್ ಸ್ಪೀಕರಿನ ಮೇಲೆ. ಪಕ್ಕದಲ್ಲೇ ಒಂದು ಮೈಕು ಬಾಯಿ ತೆರೆದುಕೊಂಡು ನಿಂತಿತ್ತು.

ಹಿಂದಿನಿಂದ ಮ್ಯಾನೇಜರಮ್ಮ ಬಂದರು. ಕೆಲಸ ಹೋಯಿತು ಅಂದುಕೊಂಡೆ. "ಆ ಜಣ್ ಅನ್ನುವುದು ಯಾರ ವಾದ್ಯ?" ಅಂದರು.

ವ್ಯಾಪಾರದಲ್ಲಿ ಸುಳ್ಳು ಹೇಳಬಾರದು, ಕೇಳದ್ದನ್ನೂ ಹೇಳಬಾರದು. "ನಮ್ಮ ಕಡೆಯದು" ಅಂದೆ.

"ಮುಂದಿನ ವರ್ಷವೂ ಬಾಡಿಗೆಗೆ ಸಿಗುತ್ತದಾ?"

"ಸಿಗುತ್ತದೆ."

ಮೊನ್ನೆ ಆರ್ಡರ್ ಬಂತು, ಸಾಮಾನಿನ ಪಟ್ಟಿಯಲ್ಲಿ ಅದೂ ಇದೆ. ವಾಪಸು ಬರುವ ದಾರಿಯಲ್ಲೇ ಇಬ್ಬರಿಗೂ ನಿಜ ಹೇಳಿದ್ದೆ. ಮೊರೊಕ್ಕೊದವನು ಕ್ಯಾರಿಯರ್ ಅನ್ನು ತಟ್ಟಿ ನೋಡಿ, ನನ್ನ ಗುರುವಿಗೆ ಇದು ಸಿಕ್ಕಿದ್ದರೆ ತಗಡಿನ ಖರ್ಚು ಉಳಿಯುತ್ತಿತ್ತು ಅಂದಿದ್ದ. ಆರ್ಡರ್ ಸುದ್ದಿ ಹೆಂಡತಿಗೆ ಹೇಳಿದೆ. ಅವಳು ಕೇಳಿದ್ದು ಒಂದೇ: "ಡಬ್ಬಿ ಖಾಲಿ ಬೇಕಾ, ತುಂಬಿಸಿದ್ದು ಬೇಕಾ?"

ನಕ್ಕೆ. ಆಮೇಲೆ ನಗು ನಿಂತಿತು. ಅವತ್ತು ಯಾವ ಡಬ್ಬಿ ಖಾಲಿಯಿತ್ತು, ಯಾವುದರಲ್ಲಿ ಏನಿತ್ತು ಅಂತ ನಮ್ಮಲ್ಲಿ ಯಾರಿಗೂ ನೆನಪಿರಲಿಲ್ಲ.

ಹೋದ ಶನಿವಾರ ಇಡೀ ದಿನ ಗೋಡೌನಿನಲ್ಲಿ ಕೂತು ಒಂದೊಂದೇ ತುಂಬಿಸಿ ನೋಡಿದೆವು. ನಡುವಿನ ಡಬ್ಬಿ ಖಾಲಿ ಇರಬೇಕು, ಮೇಲಿನದರಲ್ಲಿ ನಾಲ್ಕು ಹಪ್ಪಳ, ಕೆಳಗಿನದರ ತುಂಬ ಮೊಸರನ್ನ. ಬಿಸಿಬೇಳೆಬಾತ್ ಹಾಕಿದರೆ ಶ್ರುತಿ ಇಳಿಯುತ್ತದೆ.