ಸಂತೆಯಿಂದ ಸಂಸೆಗೆ

"ಸಂತೆ ಮಾಡೋದಕ್ಕೂ ಒಂದು ಪ್ಲಾನಿಂಗ್ ಬೇಕು ಕಣೇ! ನೀನು ಬೆಳಿಗ್ಗೆ ಹೋದೋಳು ಹೊತ್ತು ನೆತ್ತಿಗೆ ಬಂದ್ಮೇಲೆ ಬರ್ತೀಯಲ್ಲ, ಅದು ಸಂತೆ ಅಲ್ಲ, ತೀರ್ಥಯಾತ್ರೆ! ಇವತ್ತು ನಾನೇ ಬರ್ತೀನಿ. ಅರ್ಧ ಗಂಟೇಲಿ ಸಂತೆ ಮುಗಿಸಿ ತೋರಿಸ್ತೀನಿ, ನೋಡ್ತಾ ಇರು!"

ಭಾನುವಾರ ಬೆಳಿಗ್ಗೆ ಕಾಫಿ ಲೋಟ ಕೆಳಗಿಡುತ್ತಾ ಚಂದ್ರಶೇಖರಪ್ಪನವರು ಹೀಗೊಂದು ಘೋಷಣೆ ಹೊರಡಿಸಿದಾಗ ಅವರ ಹೆಂಡತಿ ವಿಮಲಮ್ಮ "ಸರಿ, ಬನ್ನಿ" ಎಂದಷ್ಟೇ ಹೇಳಿ ಕೈಚೀಲಗಳನ್ನು ಜೋಡಿಸಿಕೊಂಡರು. ಇಪ್ಪತ್ತೈದು ವರ್ಷ ಸಂಸಾರ ಮಾಡಿದವರಿಗೆ ಯಾವ ಘೋಷಣೆಗೆ ಉತ್ತರ ಕೊಡಬೇಕು, ಯಾವುದಕ್ಕೆ ಕೊಡಬಾರದು ಎಂಬುದು ತಿಳಿದಿರುತ್ತದೆ.

ಅದು ಎರಡು ಸಾವಿರದ ನಾಲ್ಕನೇ ಇಸವಿಯ ಏಪ್ರಿಲ್. ಕಾಫಿ ಹೂವಿನ ಮಳೆ ಬಂದು ಹೋದ ಮೇಲೆ ಆಕಾಶ ಮತ್ತೊಂದು ಹನಿ ಉದುರಿಸಿರಲಿಲ್ಲ. ಸಂಸೆಯಿಂದಾಚೆ ಒಂದು ತಿರುವು ದಾಟಿದರೆ ಚಂದ್ರಶೇಖರಪ್ಪನವರ ತೋಟ, ಮನೆ. ಅವತ್ತು ಆ ಮನೆಗೆ ಸಾಯಂಕಾಲ ನೆಂಟರು ಬರುವವರಿದ್ದರು. ಸುಮ್ಮನೆ ನೆಂಟರಲ್ಲ. ಬಣಕಲ್ ಕಡೆಯಿಂದ ಮಗಳು ರೂಪಶ್ರೀಯನ್ನು ನೋಡಲು ಬರುವ ಗಂಡಿನ ಕಡೆಯವರು! ಹುಡುಗ ಒಳ್ಳೆಯವನು, ತೋಟ ಚೆನ್ನಾಗಿದೆ, ಎಲ್ಲಕ್ಕಿಂತ ಹೆಚ್ಚಾಗಿ ಅವನ ಫೋಟೋ ನೋಡಿದ ರೂಪಶ್ರೀ ಮೊದಲ ಸಲ "ನೋಡೋಣ" ಎಂದಿದ್ದಳು. ಅದಕ್ಕೆ ಮುಂಚೆ ಬಂದ ಫೋಟೋಗಳದೆಲ್ಲ ಅವಳು ಹಿಂದಿನ ಬದಿ ಮಾತ್ರ ನೋಡಿದ್ದಳು.

ಹಾಗಾಗಿ ಸಂತೆ ಮಹತ್ವದ್ದಾಗಿತ್ತು. ಕಳಸ ತಲುಪಿದಾಗ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ನೆರಳಿದ್ದದ್ದು ಒಂದೇ ಕಡೆ, ಬಾಡಿಗೆ ಜೀಪುಗಳು ಸಾಲಾಗಿ ನಿಲ್ಲುವ ಮರದ ಕೆಳಗೆ. ಚಂದ್ರಶೇಖರಪ್ಪನವರು ತಮ್ಮ ಜೀಪನ್ನು ಅದೇ ಸಾಲಿಗೆ ತೂರಿಸಿದರು.

"ಇಲ್ಲಿ ಬೇಡಾರೀ, ಇದು ಬಾಡಿಗೆ ಜೀಪಿನೋರ ಜಾಗ" ಎಂದರು ವಿಮಲಮ್ಮ.

"ನೆರಳಿಗೆ ಯಾರಪ್ಪನ ಹೆಸರು ಬರ್ದಿದೆ? ನೀನು ತರಕಾರಿ ಸಾಲಿಗೆ ಹೋಗು. ನಾನು ಹಣ್ಣು, ಹಲಸಿನಕಾಯಿ ನೋಡ್ಕೊಳ್ತೀನಿ. ಮುಗಿದ ತಕ್ಷಣ ಇಲ್ಲಿಗೆ ಬಂದು ಕೂತ್ಕೊ. ಇದಕ್ಕೇ ಪ್ಲಾನಿಂಗ್ ಅನ್ನೋದು!"

ಸೈನ್ಯವನ್ನು ಎರಡು ದಿಕ್ಕಿಗೆ ಹೊರಡಿಸಿದ ಸೇನಾಪತಿಯಂತೆ ಅವರು ಬಿಳಿ ಅಂಗಿಯ ತೋಳು ಮಡಚಿಕೊಂಡು ಸಂತೆಯೊಳಗೆ ನುಗ್ಗಿದರು. ಸುತ್ತಲಿನ ಹಳ್ಳಿಗಳ ರೈತರು ಗೋಣಿ ಹಾಸಿ ಕುಳಿತಿದ್ದರು. ಮಾವಿನಮಿಡಿ, ಸೂಜಿಮೆಣಸು, ಬಾಳೆಗೊನೆ, ಮೈಯೆಲ್ಲ ಮಣ್ಣು ಮೆತ್ತಿಕೊಂಡ ಗೆಣಸು. ಪಲ್ಯಕ್ಕೆ ಎಳೆ ಹಲಸಿನಕಾಯಿ ತನ್ನಿ ಎಂದು ವಿಮಲಮ್ಮ ಹೇಳಿದ್ದರು. ಆದರೆ ಬೀಗರು ಬರುವ ಮನೆಗೆ ಮುಷ್ಟಿ ಗಾತ್ರದ ಕಾಯಿ ಒಯ್ಯುವುದೇ? ಚಂದ್ರಶೇಖರಪ್ಪನವರ ಅಂತಸ್ತು ಒಪ್ಪಲಿಲ್ಲ! ಇಡೀ ಸಂತೆಯಲ್ಲಿ ಎಲ್ಲಕ್ಕಿಂತ ದೊಡ್ಡದಾಗಿದ್ದ ಹಲಸನ್ನೇ ಆರಿಸಿದರು. ಮಾರುವಾತ "ಹೊತ್ಕೊಂಡು ಬರಕ್ಕೆ ಜನ ಕಳಿಸ್ಲಾ?" ಎಂದು ಕೇಳಿದ.

"ನನಗೇನು ಭುಜ ಇಲ್ವಾ?" ಎಂದರು ಇವರು.

ಭುಜ ಇತ್ತು. ಹಲಸಿನ ತೊಟ್ಟಿಗೆ ಮೇಣವೂ ಇತ್ತು. ಹತ್ತು ಹೆಜ್ಜೆ ಹೋಗುವುದರೊಳಗೆ ಮೇಣ ಬಿಳಿ ಅಂಗಿಯ ಮೇಲೆ ಇಳಿಯಿತು. ಒರೆಸಲು ಹೋದ ಕೈಗೆ ಅಂಟಿತು. ಆ ಕೈಯಿಂದ ಬೆವರು ಒರೆಸಿಕೊಂಡರೆ ಹಣೆಗೆ ಅಂಟಿತು. ಹಣೆಯಿಂದ ಬಿಡಿಸಲು ಹೋದರೆ ಕೂದಲು ಹಿಡಿದುಕೊಂಡಿತು. ಇದರ ಮಧ್ಯೆ ಯಾರದೋ ಬೆಲ್ಲದ ಅಂಗಡಿಯ ನೊಣಗಳು ಇವರನ್ನು ಪರಿಚಯ ಮಾಡಿಕೊಳ್ಳಲು ಹಿಂದೆ ಬಂದವು. ಜೀಪು ತಲುಪುವಷ್ಟರಲ್ಲಿ ಚಂದ್ರಶೇಖರಪ್ಪನವರು ಅರ್ಧ ಮನುಷ್ಯ, ಅರ್ಧ ಹಲಸಿನಹಣ್ಣು ಆಗಿದ್ದರು. ಅರ್ಧ ಗಂಟೆಯ ಸಂತೆಗೆ ಒಂದೂವರೆ ಗಂಟೆ ಹಿಡಿದಿತ್ತು.

ಜೀಪಿನ ಹಿಂಬದಿಯಲ್ಲಿ ರಿಪೇರಿ ಮಾಡುವಾಗ ತೊಡಲೆಂದು ಇಟ್ಟಿದ್ದ ಹಳೇ ಖಾಕಿ ಅಂಗಿಯೊಂದಿತ್ತು. ಹಲಸನ್ನು ಮರದ ಬುಡಕ್ಕೆ ಇಳಿಸಿ, ಅಂಗಿ ತೆಗೆದುಕೊಳ್ಳಲು ಹಿಂದಕ್ಕೆ ಹೋದವರು ಹೌಹಾರಿದರು.

ಜೀಪು ತುಂಬಿಹೋಗಿತ್ತು! ಹಿಂದೆ ಎದುರು ಬದುರು ಸೀಟಿನಲ್ಲಿ ಒಬ್ಬರ ಮೇಲೊಬ್ಬರು ಜನ. ಕಾಲ ಕೆಳಗೆ ಮೂಟೆ, ಮೂಟೆಯ ಮೇಲೆ ಕೋಳಿಬುಟ್ಟಿ. ಆ ಗುಂಪಿನ ನಟ್ಟನಡುವೆ ತರಕಾರಿ ಚೀಲ ಅಪ್ಪಿಕೊಂಡು, ಯಾರದೋ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಂಡು ವಿಮಲಮ್ಮ ನಗುನಗುತ್ತಾ ಹರಟುತ್ತಿದ್ದರು.

"ಏನೇ ಇದು?"

"ನಾನು ಬಂದು ಕೂತಿದ್ದೆ. ಯಾರೋ ಬಂದು 'ಸಂಸೆಗಾ?' ಅಂತ ಕೇಳಿದ್ರು. 'ಹೌದು, ಸಂಸೆಗೆ' ಅಂದೆ. ಹತ್ಬಿಟ್ರು."

"ಹತ್ಬಿಟ್ರಾ? ನೀನು ಸುಮ್ನೆ ಕೂತಿದ್ಯಾ?"

"ಇನ್ನೇನು ಸುಳ್ಳು ಹೇಳ್ಲಾ? ನಾವು ಸಂಸೆಗೇ ಅಲ್ವಾ ಹೋಗೋದು?"

ಮೂಲೆಯಿಂದ ಒಂದು ತಲೆ ಹೊರಬಂತು. ಸಂಸೆಯಲ್ಲಿ ಗ್ಯಾರೇಜ್ ಇಟ್ಟಿರುವ ಖಾದರ್. ಈ ಜೀಪಿನ ನಟ್ಟು ಬೋಲ್ಟುಗಳಷ್ಟೇ ಅದರ ಯಜಮಾನರನ್ನೂ ಬಲ್ಲವನು. "ಬಸ್ಸು ಕೈ ಕೊಟ್ಟಿದೆ ಯಜಮಾನ್ರೇ. ಬಿಸಿಲಲ್ಲಿ ಪಾಪ ಎಲ್ಲಾ ನಿಂತಿದ್ರು. ನಿಮ್ಮಿಂದ ಪುಣ್ಯದ ಕೆಲಸ ಆಯ್ತು ಬಿಡಿ" ಎಂದ.

ತಮಗೆ ಗೊತ್ತಿಲ್ಲದೆ ಆದ ಪುಣ್ಯವನ್ನು ನುಂಗಿಕೊಂಡು ಚಂದ್ರಶೇಖರಪ್ಪನವರು ಖಾಕಿ ಅಂಗಿ ತೊಟ್ಟು ಮುಂದಕ್ಕೆ ಬಂದರೆ, ಅಲ್ಲಿ ಹೆಂಡತಿ ಕೂರಬೇಕಾದ ಸೀಟಿನಲ್ಲಿ ಇನ್ನೊಬ್ಬರು! ದೊಡ್ಡ ಕುಂಕುಮ, ಮಡಿಲಲ್ಲಿ ಚೀಲ, ಕೈಯಲ್ಲಿ ಉದ್ದನೆಯ ಛತ್ರಿ ಹಿಡಿದ ಹಿರಿಯ ಹೆಂಗಸು. ವಯಸ್ಸಾದವರೆಂದು ವಿಮಲಮ್ಮನೇ ಸೀಟು ಬಿಟ್ಟುಕೊಟ್ಟಿದ್ದರು.

"ಇಳೀರಿ ಅಜ್ಜಿ! ಇದು ಬಾಡಿಗೆ ಜೀಪಲ್ಲ!"

"ಹಾಗೆ ಹೇಳದೇ ಇರೋ ಡ್ರೈವರನ್ನ ನಾನು ಈವರೆಗೆ ನೋಡಿಲ್ಲ ಮಾರಾಯ" ಎಂದರು ಆಕೆ ತಣ್ಣಗೆ. "ಜಾಸ್ತಿ ಕೇಳಕ್ಕೆ ಎಲ್ಲಾ ಹೀಗೇ ಶುರು ಮಾಡೋದು. ಗಾಡಿ ಹತ್ತು, ಹತ್ತು. ಹೊತ್ತಾಯ್ತು. ಮೊದ್ಲು ಆ ಮುಖ ತೊಳ್ಕೋಬಾರ್ದಾ?"

ಹಿಂದಿನಿಂದ ಎಲ್ಲರೂ "ಹೊರಡಿ, ಹೊರಡಿ" ಎಂದು ಕೂಗಿದರು. ಕೋಳಿಯೂ ಕೂಗಿತು. ಮನೆಯಲ್ಲಿ ಅಡುಗೆ ಆಗಬೇಕು, ಬೀಗರು ಬರಬೇಕು. ಬೇರೆ ದಾರಿ ಇರಲಿಲ್ಲ. ಹಲಸನ್ನು ಜೀಪಿನ ಮೇಲೆ ಕಟ್ಟಿ, ಕುದಿಯುವ ರೇಡಿಯೇಟರಿನಂಥ ತಲೆಯೊಂದಿಗೆ ಅವರು ಗಾಡಿ ಚಾಲೂ ಮಾಡಿದರು.

ಸಿಟ್ಟೆಲ್ಲ ಕಾಲಿಗೆ ಇಳಿದು ಆಕ್ಸಿಲರೇಟರ್ ಒತ್ತಿತು. ಮೊದಲ ತಿರುವಿನಲ್ಲೇ ಛತ್ರಿಯ ತುದಿ ಡ್ಯಾಶ್‌ಬೋರ್ಡಿಗೆ ಟಕ್ ಎಂದು ಬಿತ್ತು. "ನಿಧಾನ!"

ಎರಡನೇ ತಿರುವು. ಟಕ್. "ಹಾರ್ನ್ ಎಂತಕ್ಕೆ ಇರೋದು?"

ಮೂರನೆಯ ತಿರುವಿಗೆ ಚಂದ್ರಶೇಖರಪ್ಪನವರ ಸಹನೆಯ ಕಟ್ಟೆ ಒಡೆಯಿತು. "ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಅಜ್ಜಿ! ಇಲ್ಲಾಂದ್ರೆ ಇಲ್ಲೇ ಇಳಿಸಿ ಹೋಗ್ತೀನಿ!"

ಆಕೆ ಇವರನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿದರು. ಆಮೇಲೆ ಏನೂ ಆಗದವರಂತೆ ಕೇಳಿದರು: "ಇರ್ಲಿ. ಸಂಸೆ ಆಚೆ ಚಂದ್ರಶೇಖರಪ್ಪನೋರ ಮನೆ ಗೊತ್ತಾ? ನನ್ನ ಅಲ್ಲೇ ಇಳಿಸ್ಬೇಕು."

ಜೀಪು ಒಮ್ಮೆ ರಸ್ತೆಯ ಆ ಬದಿಗೂ ಇನ್ನೊಮ್ಮೆ ಈ ಬದಿಗೂ ಹೋಗಿಬಂತು.

"ಗೊ... ಗೊತ್ತು. ಅಲ್ಲಿಗೆ ಎಂತಕ್ಕೆ?"

"ನನ್ನ ತಂಗಿ ಮಗನಿಗೆ ಆ ಮನೆ ಹುಡುಗೀನ ಕೇಳಿದಾರೆ. ಮಿಕ್ಕಿದೋರೆಲ್ಲ ಸಾಯಂಕಾಲ ವ್ಯಾನಲ್ಲಿ ಬರ್ತಾರೆ. ನಾನು ಬೆಳಿಗ್ಗೆ ಬಸ್ಸಿಗೇ ಹೊರಟೆ. ಹೇಳಿ ಹೋದ್ರೆ ಎಲ್ಲರ ಮನೇನೂ ಚೆನ್ನಾಗೇ ಇರುತ್ತೆ. ಹೇಳದೆ ಹೋಗ್ಬೇಕು! ನಮ್ಮ ಮನೇಲಿ ಈ ಭಾಗಮ್ಮ ಹೂಂ ಅನ್ನದೆ ಯಾವ ಮದುವೇನೂ ಆಗಲ್ಲ. ಅಲ್ಲಪ್ಪಾ, ಆ ಹುಡುಗಿ ಅಪ್ಪ ಹೇಗೆ?"

ಏಪ್ರಿಲ್ ಬಿಸಿಲಿನಲ್ಲಿ ಚಂದ್ರಶೇಖರಪ್ಪನವರಿಗೆ ಚಳಿ ಹುಟ್ಟಿತು. ನಾನೇ ಆ ಹುಡುಗಿಯ ಅಪ್ಪ ಎಂದು ಹೇಳುವುದಾದರೂ ಹೇಗೆ? ಬಾಯಿ ಮುಚ್ಕೊಂಡು ಕೂತ್ಕೊಳ್ಳಿ ಎಂದು ಬೀಗರ ಮನೆಯ ಹಿರಿಯಾಕೆಗೆ ಹೇಳಿ ಇನ್ನೂ ಒಂದು ತಿರುವೂ ಆಗಿರಲಿಲ್ಲ! ತಲೆಯಲ್ಲಿ ಮೇಣ, ಮೈಮೇಲೆ ಗ್ರೀಸ್ ಬಳಿದ ಖಾಕಿ. ಡ್ರೈವರ್ ಎಂದೇ ತಿಳಿದಿದ್ದಾರೆ, ಹಾಗೇ ಇರಲಿ. ಗೇಟಿನ ಹತ್ತಿರ ಇಳಿಸಿ, ಹಿತ್ತಲಿನಿಂದ ಒಳಗೆ ನುಗ್ಗಿ, ಮಿಂದು ಪಂಚೆಯುಟ್ಟು ಬೇರೆಯೇ ಮನುಷ್ಯನಾಗಿ ಜಗಲಿಗೆ ಬಂದರಾಯಿತು! ಅಲ್ಲಿಯವರೆಗೆ ಸಿಕ್ಕ ಅವಕಾಶವನ್ನೇಕೆ ಬಿಡಬೇಕು?

"ಯಾರು, ಚಂದ್ರಶೇಖರಪ್ಪನೋರಾ? ದೇವರಂಥ ಮನುಷ್ಯ ಅಮ್ಮ! ಅಂಥ ಶಾಂತಮೂರ್ತಿ ಈ ಸೀಮೇಲೇ ಇಲ್ಲ. ಅವರು ಧ್ವನಿ ಎತ್ತಿದ್ದನ್ನ ಯಾರೂ ಕೇಳಿಲ್ಲ."

ಡ್ರೈವರ್ ಸೀಟಿನ ಬೆನ್ನಿಗೇ ಕೂತಿದ್ದ ಖಾದರನಿಗೆ ಇದ್ದಕ್ಕಿದ್ದಂತೆ ಕೆಮ್ಮು ಬಂತು.

"ದೊಡ್ಡೋರು ಅಂದ್ರೆ ಎಷ್ಟು ಗೌರವ ಅಂತೀರಿ! ನೆಲ ನೋಡ್ಕೊಂಡೇ ಮಾತಾಡ್ತಾರೆ."

ಖಾದರನ ಕೆಮ್ಮು ಜಾಸ್ತಿಯಾಗಿ ಪಕ್ಕದವರು ಅವನ ಬೆನ್ನು ಗುದ್ದಬೇಕಾಯಿತು.

ಅಷ್ಟರಲ್ಲಿ ಎಂಜಿನ್ನಿನ ಗದ್ದಲವನ್ನು ಸೀಳಿಕೊಂಡು ವಿಮಲಮ್ಮನ ಧ್ವನಿ ಬಂತು: "ರೀ! ಹಲಸಿನಹಣ್ಣು ಜಾರ್ತಾ ಇದೆ, ನಿಧಾನ ಹೋಗಿ!"

ಭಾಗಮ್ಮ ಹಿಂದೆ ತಿರುಗಿ ನೋಡಿದರು. "ಆಯಮ್ಮ ನಿನ್ನ ಹೆಂಡ್ತಿಯಾ?"

"ಹೌ... ಹೌದು."

"ಎಷ್ಟು ಒಳ್ಳೆ ಹೆಂಗಸು. ನಿನ್ನಂಥ ಮುಂಗೋಪಿ ಜೊತೆ ಹೇಗೆ ಬಾಳ್ತಿದಾಳೋ ಪಾಪ. ನೀನೂ ಆ ಮನೆ ಕಡೆಯೋನೇನಾ?"

ಈಗ ನಿಜ ಹೇಳಬಹುದಿತ್ತು. ಆದರೆ ಸುಳ್ಳಿನ ಗಾಡಿಗೆ ರಿವರ್ಸ್ ಗೇರ್ ಇರುವುದಿಲ್ಲ. "ಹೌದಮ್ಮ, ಇಬ್ರೂ ಅಲ್ಲೇ ಕೆಲಸಕ್ಕಿರೋದು. ನಾನು ಜೀಪು ನೋಡ್ಕೊಳ್ತೀನಿ. ಅವಳು ಅಡುಗೆ."

ಸಂಸೆ ಬಂತು. ಮೂಟೆ, ಕೋಳಿ, ಕೂಸು ಎಲ್ಲ ಇಳಿದವು. ಖಾದರ್ ಮುಂದೆ ಬಂದು ಕಣ್ಣೊರೆಸಿಕೊಳ್ಳುತ್ತಾ, "ಬರ್ತೀನಿ ಡ್ರೈವರ್ರೇ. ಯಜಮಾನ್ರು ಸಿಕ್ಕಿದ್ರೆ ನನ್ನ ನಮಸ್ಕಾರ ಹೇಳಿ" ಎಂದು ಹೋದ.

ಉಳಿದವರು ಮೂವರೇ. ಗಲಾಟೆ ಕಡಿಮೆಯಾದದ್ದೇ ತಡ, ಭಾಗಮ್ಮ ಸೀಟಿನಲ್ಲೇ ತಿರುಗಿ ಕುಳಿತರು. ಚಂದ್ರಶೇಖರಪ್ಪನವರು ಹಾರ್ನ್ ಒತ್ತಿದರು. ಎದುರಿಗೆ ಯಾರೂ ಇರಲಿಲ್ಲ. ಆದರೂ ಒತ್ತುತ್ತಲೇ ಇದ್ದರು.

"ಆ ಹಾರ್ನ್ ಬಿಡು! ಏನಮ್ಮಾ, ಈ ಮುಂದಿನ ಮನೇಲಿ ಅಡುಗೆ ನಿಂದೇ ಅಂತೆ?"

ಇನ್ನೂ ಮುಂದೆಲ್ಲೋ ಇಳಿಯುವ ಅಜ್ಜಿ ಮಾತಿಗೆ ಕೇಳುತ್ತಿದ್ದಾರೆ ಎಂದುಕೊಂಡ ವಿಮಲಮ್ಮ ನಕ್ಕರು. "ಹೌದಮ್ಮ, ಇಪ್ಪತ್ತೈದು ವರ್ಷದಿಂದ ನಂದೇ."

"ಸಂಬಳ ಗಿಂಬಳ ಸರಿಯಾಗಿ ಕೊಡ್ತಾರಾ?"

"ಸಂಬಳ ಎಲ್ಲಿಂದ ಬಂತು? ಊಟ, ಬಟ್ಟೆ ಅಷ್ಟೇ."

ಭಾಗಮ್ಮನ ಹುಬ್ಬು ಮೇಲೇರಿತು. "ಯಜಮಾನ್ರು ಶಾಂತಮೂರ್ತಿ ಅಂತೆ?"

"ಯಾರಮ್ಮಾ ಹೇಳಿದ್ದು?" ವಿಮಲಮ್ಮನಿಗೆ ನಗು ತಡೆಯಲಾಗಲಿಲ್ಲ. "ಒಂದು ಚಮಚ ಕಾಣಿಸ್ಲಿಲ್ಲ ಅಂದ್ರೆ ಕಾಫಿ ಗಿಡದ ಹಕ್ಕಿಯೆಲ್ಲ ಹಾರ್ಬೇಕು, ಹಾಗೆ ಕೂಗ್ತಾರೆ! ಆದ್ರೆ ಮನಸ್ಸಲ್ಲಿ ಏನೂ ಇಟ್ಕೊಳ್ಳಲ್ಲ. ನನಗೆ ಜ್ವರ ಬಂದಾಗ ರಾತ್ರಿಯಿಡೀ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದೋರೂ ಅವರೇ. ಗಂಜಿಗೆ ಉಪ್ಪು ಹಾಕಿರ್ಲಿಲ್ಲ, ಅದು ಬೇರೆ ವಿಷಯ."

ಭಾಗಮ್ಮ ಮುಂದಕ್ಕೆ ತಿರುಗಿದರು. ಡ್ರೈವರನ ಕಡೆ ನೋಡಿದರು. ಡ್ರೈವರು ರಸ್ತೆಯ ಕಡೆ ನೋಡಿದ. ರಸ್ತೆ ಮುಗಿದುಹೋಗಿತ್ತು. ಮನೆಯ ಗೇಟು ಬಂದಿತ್ತು.

"ಇಲ್ಲೇ ಇಳೀರಿ ಅಮ್ಮ, ನಾನು ಜೀಪು ಹಿಂದಕ್ಕೆ..."

ವಾಕ್ಯ ಪೂರ್ತಿಯಾಗಲಿಲ್ಲ. ಜೀಪಿನ ಸದ್ದು ಕೇಳಿ ರೂಪಶ್ರೀ ಅಂಗಳಕ್ಕೆ ಓಡಿ ಬಂದಿದ್ದಳು. ತಲೆಗೆ ಸೀಗೆಪುಡಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು. ಖಾಕಿ ಅಂಗಿಯನ್ನೂ ಹಣೆಗೆ ಅಂಟಿದ ಕೂದಲನ್ನೂ ನೋಡಿ ಸೀಮೆಗೆಲ್ಲ ಕೇಳುವಂತೆ ಕಿರುಚಿದಳು: "ಅಪ್ಪಾ! ಇದೆಂತ ವೇಷ ನಿಮ್ದು? ಅಮ್ಮಾ, ಅಪ್ಪನ್ನ ಯಾರಾದ್ರೂ ಹೊಡೆದ್ರಾ?"

ಕಟ್ಟು ಸಡಿಲಾಗಿದ್ದ ಹಲಸಿನಹಣ್ಣು ಆ ಕ್ಷಣಕ್ಕೇ ಕಾದಿತ್ತೋ ಏನೋ, ಧೊಪ್ಪನೆ ಬಿದ್ದು ಅಂಗಳದಲ್ಲಿ ಇಬ್ಭಾಗವಾಯಿತು. ಅದನ್ನು ನೋಡಿ ಚಂದ್ರಶೇಖರಪ್ಪನವರಿಗೆ ಹೊಟ್ಟೆಕಿಚ್ಚಾಯಿತು. ಅದಕ್ಕಾದರೂ ಮುಖ ಮುಚ್ಚಿಕೊಳ್ಳುವ ಅಗತ್ಯವಿರಲಿಲ್ಲ.

ಭಾಗಮ್ಮ ಛತ್ರಿ ಊರಿಕೊಂಡು ಇಳಿದರು. ತಾವು ಯಾರೆಂದು ವಿಮಲಮ್ಮನಿಗೆ ಒಂದೇ ಮಾತಿನಲ್ಲಿ ಹೇಳಿ, ಕಾಲು ತೊಳೆದು ಜಗಲಿಯ ಮೇಲೆ ಕುಳಿತು ಕಾಫಿ ಕುಡಿದರು. ವಿಮಲಮ್ಮ ಗಂಡನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ತಲೆಗೆ ಕೊಬ್ಬರಿ ಎಣ್ಣೆ ತಿಕ್ಕಿ ಮೇಣ ಬಿಡಿಸುತ್ತಾ ನಡೆದದ್ದನ್ನೆಲ್ಲ ಕೇಳಿಕೊಂಡರು.

"ನನ್ನನ್ನ ಅಡುಗೆಯೋಳು ಮಾಡಿದ್ರಾ?"

"ಬಾಯಿಗೆ ಬಂತು ಕಣೇ. ಈಗೇನು ಮಾಡೋದು? ಮಗಳ ಸಂಬಂಧ ನನ್ನಿಂದ ಮುರಿದುಹೋಯ್ತಲ್ಲ!" ಅವರ ಬಾಯಲ್ಲಿ ಅಷ್ಟು ಮೆತ್ತಗಿನ ಮಾತನ್ನು ವಿಮಲಮ್ಮ ಕೇಳಿ ಬಹಳ ಕಾಲವಾಗಿತ್ತು. ಬೈಯಲು ತೆರೆದ ಬಾಯಿ ಮುಚ್ಚಿ, ಎಣ್ಣೆಯನ್ನು ಇನ್ನಷ್ಟು ಜೋರಾಗಿ ತಿಕ್ಕಿದರು.

ಸಾಯಂಕಾಲ ವ್ಯಾನು ಬಂತು. ಹುಡುಗ, ಹುಡುಗಿ ತೋಟದ ದಾರಿಯಲ್ಲಿ ಮಾತಾಡಿಕೊಂಡು ಬಂದರು. ಇಬ್ಬರ ಮುಖವೂ ಅರಳಿತ್ತು. ಅದನ್ನು ನೋಡಿದಷ್ಟೂ ಚಂದ್ರಶೇಖರಪ್ಪನವರ ಎದೆ ಕುಸಿಯಿತು. ಒಗೆದ ಪಂಚೆ, ಜರಿ ಶಲ್ಯದಲ್ಲಿ ಮೂಲೆಯ ಕುರ್ಚಿ ಹಿಡಿದು, ನಿಜವಾಗಿಯೂ ನೆಲ ನೋಡಿಕೊಂಡು ಕುಳಿತಿದ್ದರು. ಕೊನೆಗೆ ಎಲ್ಲರ ಕಣ್ಣೂ ಭಾಗಮ್ಮನ ಕಡೆ ತಿರುಗಿತು.

ಅವರು ಎಲೆಯಡಿಕೆ ಮಡಚಿ ಬಾಯಿಗಿಟ್ಟುಕೊಂಡು ನಿಧಾನವಾಗಿ ಹೇಳಿದರು: "ಹುಡುಗಿ ಸರಿ. ಹುಡುಗಿ ಅಮ್ಮನ್ನ ಜೀಪಲ್ಲೇ ಒಪ್ಕೊಂಡಾಯ್ತು. ಇನ್ನು ಉಳಿದಿದ್ದು ಯಜಮಾನ್ರು. ದೇವರಂಥ ಮನುಷ್ಯ, ಶಾಂತಮೂರ್ತಿ ಅಂತ ಕೇಳಿದ್ದೆ. ನೋಡೋ ಭಾಗ್ಯ ಸಿಗಲಿಲ್ಲ. ಅವರ ಡ್ರೈವರನ್ನ ಮಾತ್ರ ನೋಡಿದೆ. ಮುಂಗೋಪಿ, ಆದ್ರೆ ಹೆಂಡ್ತಿಗೆ ಜ್ವರ ಬಂದ್ರೆ ರಾತ್ರಿಯಿಡೀ ಕೂತು ಗಂಜಿ ಕುಡಿಸ್ತಾನಂತೆ, ನಮಗಷ್ಟು ಸಾಕು." ಮೂಲೆಯ ಕುರ್ಚಿಯ ಕಡೆ ತಿರುಗಿದರು. "ಏನಪ್ಪಾ ಡ್ರೈವರ್, ನಿಮ್ಮ ಯಜಮಾನ್ರು ಮನೆಗೆ ಬಂದ್ಮೇಲೆ ಹೇಳು, ಸಂಬಂಧ ನಮಗೆ ಒಪ್ಪಿಗೆ ಅಂತ."

ಚಂದ್ರಶೇಖರಪ್ಪನವರು ಎದ್ದು ನಿಂತು ಕೈ ಮುಗಿದರು.

"ಬಂದ ತಕ್ಷಣ ಹೇಳ್ತೀನಿ ಅಮ್ಮ!"