ಕಾಕಾನ ಮಲ್ಲಿಗೆ ಕಾವಲು

ನಮ್ಮ ಕಾಕಾನಂಥ ಜಿಪುಣ ನಿಲಂಗಾದಲ್ಲಿ ಇನ್ನೊಬ್ಬನಿಲ್ಲ! ತಪ್ಪು ತಿಳಿಯಬೇಡಿ. ಮನೆಗೆ ಬಂದವರನ್ನು ಉಣ್ಣಿಸದೆ ಕಳಿಸುವವನಲ್ಲ, ಹೊಲದ ತೊಗರಿಯನ್ನು ಕೇಳಿದವರಿಗೆಲ್ಲ ಹಂಚುವವನು. ಆದರೆ ಅಂಗಳದ ಮಲ್ಲಿಗೆಯ ಒಂದೇ ಒಂದು ಹೂ ಕೇಳಿ ನೋಡಿ. ಕಿವುಡನಾಗಿಬಿಡುತ್ತಾನೆ.

ಚಳಿ ಸರಿದು ಮೊದಲ ಮೊಗ್ಗು ಕಂಡಿತೆಂದರೆ ಅವನ ನಿದ್ದೆ ಹಾರಿತೆಂದೇ ಲೆಕ್ಕ. ಒಮ್ಮೆ ಉದಗೀರದಲ್ಲಿದ್ದ ನನಗೆ ಫೋನ್ ಮಾಡಿ, ಉಟ್ಟ ಬಟ್ಟೆಯಲ್ಲೇ ಹೊರಟು ಬಾ ಎಂದ. ಏನು ಅನಾಹುತವೋ ಎಂದು ಬಸ್ಸು ಹಿಡಿದು ಓಡಿದೆ. ಕೈಹಿಡಿದು ಗಿಡದ ಮುಂದೆ ನಿಲ್ಲಿಸಿದ. ಅಕ್ಕಿಕಾಳಿನಷ್ಟು ಮೊಗ್ಗು!

"ಇನ್ನಾ ಅರಳೇ ಇಲ್ಲಲ್ಲ ಕಾಕಾ?"

"ಅದಕ್ಕೇ ಲಗೂ ಬಾ ಅಂದೆ. ಅರಳಿದ ಮ್ಯಾಲ ಕಂಡಕಂಡವರೆಲ್ಲಾ ನೋಡ್ತಾರ."

ಹಾಗಾದರೆ ದಿನಾ ಲಿಂಗಪೂಜೆಗೆ ಹೂ? ಅದಕ್ಕೂ ಉಪಾಯವಿತ್ತು. ಗಿಡದ ಬುಡದಲ್ಲೇ ಮಣೆ ಹಾಕಿ ಕೂತು, ಎಡ ಅಂಗೈಯಲ್ಲಿ ಲಿಂಗ ಹಿಡಿದು, ಬಲಗೈಯಿಂದ ಟೊಂಗೆ ಬಗ್ಗಿಸಿ ಹೂವನ್ನು ಲಿಂಗಕ್ಕೆ ಮುಟ್ಟಿಸಿ ಬಿಟ್ಟುಬಿಡುವುದು. ಹೂ ದೇವರಿಗೂ ಆಯಿತು, ಗಿಡಕ್ಕೂ ಉಳಿಯಿತು! ಒಂದು ಸಲ ಪೂಜೆಗೆಂದು ಬಂದ ಮಠದ ಅಯ್ಯನವರನ್ನೂ ಅಲ್ಲೇ ಕೂರಿಸಿದ. ಕೆಂಪಿರುವೆಗಳು ಕಾಲಿಗೆ ಹತ್ತಿದವು. ಒಂದು ಕೈಯಲ್ಲಿ ಲಿಂಗ, ಇನ್ನೊಂದರಲ್ಲಿ ಟೊಂಗೆ, ಪಾಪ, ತುರಿಸಿಕೊಳ್ಳುವುದು ಹೇಗೆ? ಅಷ್ಟು ವೇಗದ ಮಂತ್ರವನ್ನು ನಾನು ಎಲ್ಲೂ ಕೇಳಿಲ್ಲ. ಕಾಕಾ ಮಾತ್ರ, ಅಯ್ಯನವರ ಭಕ್ತಿ ದೊಡ್ಡದು ಎಂದು ಊರೆಲ್ಲ ಹೊಗಳಿಕೊಂಡು ಬಂದ.

ನಿಜವಾದ ಜಗಳ ಕಾಕಾನ ಹೆಂಡತಿ, ನಮ್ಮ ಕಾಕುವಿನದು. ಅವಳಿಗೆ ಮೊಣಕಾಲು ಮುಟ್ಟುವ ಜಡೆ. ಮದುವೆಯಾದಾಗಿನಿಂದ ಅಂಗಳದ ಮಲ್ಲಿಗೆ ಒಂದು ದಿನವೂ ಆ ಜಡೆ ಏರಲಿಲ್ಲ. ಸಂತೆಯಿಂದ ಗಜರಾ ತಂದುಕೊಡುತ್ತಿದ್ದ, ಮಹಾರಾಯ! ಅವಳು ಅದನ್ನು ಮುಡಿದು, ಮನೆಯ ಹೂ ನೋಡುತ್ತ ಬೈಯುತ್ತಿದ್ದಳು.

ಈ ಸಲ ಮೊಗ್ಗು ಬಿಡುವ ಹೊತ್ತಿಗೆ ಕಾಕು ಲಾತೂರಿನ ಆಸ್ಪತ್ರೆಯಲ್ಲಿದ್ದಳು. ಔಷಧಿಗೆ ಜಡೆಯೆಲ್ಲ ಉದುರಿತ್ತು. ಗಿಡ ಪೂರಾ ಅರಳಿದ ದಿನವೇ ಅವಳನ್ನು ಮನೆಗೆ ಕರೆತಂದೆವು. ಗೇಟು ದಾಟಿ ನೋಡಿದರೆ ಗಿಡದಲ್ಲಿ ಒಂದು ಹೂವೂ ಇಲ್ಲ! ಪಕ್ಕದ ಮನೆಯ ಆಡನ್ನು ಬೈಯಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಕಾಕಾ ಒಳಗಿಂದ ಬಂದ. ದೋತರದ ಉಡಿಯ ತುಂಬ ಮಲ್ಲಿಗೆ.

ಕಾಕು ತಲೆಯ ಮೇಲಿನ ಸೆರಗು ಸರಿಸಿದಳು.

"ಈಗ ಹರಕೊಂಡು ಬಂದೀರಿ? ಎಲ್ಲಿ ಮುಡೀಲಿ?"

ಕಾಕಾ ಅವಳ ಎಡಗೈ ಹಿಡಿದು ಅಂಗೈ ಬಿಡಿಸಿದ.

"ಲಿಂಗ ಇಡೋ ಅಂಗೈ ಐತಲ್ಲ, ಅದರಾಗ ಹಿಡಿ."

ಬೊಗಸೆಗಟ್ಟಲೆ ಸುರಿದ. ಕಾಕು ಅಂಗೈಯನ್ನು ಮೂಗಿಗೆ ಒತ್ತಿಕೊಂಡು ನಕ್ಕೇ ನಕ್ಕಳು. ಖಾಲಿ ಉಡಿ ಹಿಡಿದು ನಿಂತ ಕಾಕಾ ಅಳುತ್ತಿದ್ದ.